ದುಬೈ ದುಡಿಮೆಗಾರರಿಗೆ ಚರ್ಚ್, ಶಾಲೆ ಕಟ್ಟಿಕೊಟ್ಟ ಫಾದರ್ ದಾವೇರಿ

ದುಬೈ: ಇಲ್ಲಿನ ಊದ್ ಮೇಥಾದ ಸೈಂಟ್ ಮೇರೀಸ್ ಚರ್ಚಿನ ಅಂಗಳದಲ್ಲಿ ರಜಾದಿನ ನಿಂತರೆ ಕೊಂಕಣಿ, ತುಳು, ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಕರಾವಳಿಯಿಂದ ದುಡಿಯಲು ಬಂದವರಿಗೆ ವಾರಕ್ಕೊಮ್ಮೆ ಊರು ಸಿಗುವುದು ಇಲ್ಲೇ. ಇದಕ್ಕೆ ಬುನಾದಿ ಹಾಕಿದವರು ಕಪುಚಿನ್ ಸಭೆಯ ಧರ್ಮಗುರು ಫಾದರ್ ಯುಸೇಬಿಯಸ್ ದಾವೇರಿ.

ದುಬೈ ದೊರೆ ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ನೀಡಿದ ಜಾಗದಲ್ಲಿ 1967ರಲ್ಲಿ ಚರ್ಚ್ ಎದ್ದಿತು. ಯುಎಇ ರಚನೆಯಾದದ್ದು 1971ರಲ್ಲಿ. ಚರ್ಚ್ ದೇಶಕ್ಕಿಂತ ನಾಲ್ಕು ವರ್ಷ ಹಿರಿಯದು. ಮೊದಲ ಧರ್ಮಗುರುವಾಗಿದ್ದ ಫಾದರ್ ದಾವೇರಿ ಪ್ರಾರ್ಥನೆಗಷ್ಟೇ ನಿಲ್ಲದೆ 1968ರಲ್ಲಿ ಶಾಲೆಯನ್ನೂ ಆರಂಭಿಸಿದರು. ಸನ್ಯಾಸಿಗೆ ಸ್ವಂತ ಸಂಸಾರವಿಲ್ಲ. ಆದರೆ ಮಕ್ಕಳ ಓದಿಗೆ ದಾರಿಯಿದ್ದರೆ ಮಾತ್ರ ದುಡಿಯುವವರು ಮಡದಿ, ಮಕ್ಕಳನ್ನು ಕರೆಸಿಕೊಂಡಾರು. ಆ ಶಾಲೆ ಅಂಥ ಎಷ್ಟೋ ಸಂಸಾರಗಳಿಗೆ ಆಸರೆಯಾಯಿತು.

ಜನ ಹೆಚ್ಚಿ, 1989ರಲ್ಲಿ ದೊಡ್ಡ ಚರ್ಚ್ ಕಟ್ಟಬೇಕಾಯಿತು. ವಾರದ ರಜೆ ಶುಕ್ರವಾರವಿದ್ದುದರಿಂದ ದಶಕಗಳ ಕಾಲ ಶುಕ್ರವಾರದ ಬಲಿಪೂಜೆಗೇ ಜನಸಂದಣಿ. 2022ರ ಜನವರಿಯಲ್ಲಿ ರಜೆ ಶನಿವಾರ, ಭಾನುವಾರಕ್ಕೆ ಬದಲಾಯಿತು.

ಅಬುಧಾಬಿಯಲ್ಲೂ 1965ರಲ್ಲೇ ಸೈಂಟ್ ಜೋಸೆಫ್ ಚರ್ಚ್ ತೆರೆದಿತ್ತು. ಅದೇ ನಗರದ ಝಾಯೆದ್ ಕ್ರೀಡಾನಗರದಲ್ಲಿ 2019ರ ಫೆಬ್ರುವರಿ 5ರಂದು ಪೋಪ್ ಫ್ರಾನ್ಸಿಸ್ ಬಲಿಪೂಜೆ ಅರ್ಪಿಸಿದರು. ಅರಬ್ ಪರ್ಯಾಯ ದ್ವೀಪಕ್ಕೆ ಪೋಪ್ ಒಬ್ಬರು ಬಂದದ್ದು ಅದೇ ಮೊದಲು. ನೆರೆದವರಲ್ಲಿ ಬಹುಪಾಲು ಹೊಟ್ಟೆಪಾಡಿಗೆ ಕಡಲು ದಾಟಿದವರೇ.

ಊರಿನಿಂದ ತಾಯಿ ಫೋನಿನಲ್ಲಿ ಮೊದಲು ಕೇಳುವುದು, ‘ಊಟ ಆಯ್ತಾ ಮಗಾ?’ ಆಮೇಲೆ, ‘ಪೂಜೆಗೆ ಹೋಗಿದ್ಯಾ?’ ಎರಡನೆಯದಕ್ಕೆ ದುಬೈಯಿಂದ ‘ಹೌದಮ್ಮಾ’ ಎನ್ನುವಾಗ ಫಾದರ್ ದಾವೇರಿಯವರನ್ನೂ ಒಮ್ಮೆ ನೆನೆಯಬೇಕು.