ಅಡಕ ಯಾದೃಚ್ಛಿಕ ಪರಿಣಾಮಗಳು: ಯಾವ ಎಣಿಕೆ ಹೆಚ್ಚಬೇಕು?

ದತ್ತಾಂಶ ಹೆಚ್ಚಿದಂತೆ ಪೂರ್ವವಿತರಣೆಯ ಪ್ರಭಾವ ಅಳಿಯುತ್ತದೆಂಬ ಬೇಸಿಯನ್ ಭರವಸೆಗೆ ಬರ್ನ್‌ಸ್ಟೈನ್–ಫಾನ್ ಮೀಸೆಸ್ ಪ್ರಮೇಯವೇ ಆಧಾರ. ಆದರೆ ಒಂದರೊಳಗೊಂದು ಅಡಕವಾದ ಮಾದರಿಗಳಲ್ಲಿ ಈ 'ಹೆಚ್ಚುವಿಕೆ'ಗೆ ಸ್ತರಕ್ಕೊಂದು ಅರ್ಥವಿದೆ. ಕನ್ನಡದ ದೀರ್ಘಸ್ವರಗಳ ಕಾಲಾವಧಿಯನ್ನು 6 ಊರುಗಳಲ್ಲಿ, ಊರಿಗೆ 10 ಭಾಷಿಕರಂತೆ, ಒಬ್ಬೊಬ್ಬರಿಂದ 200 ಉಚ್ಚಾರಗಳಲ್ಲಿ ಅಳೆದೆವೆನ್ನೋಣ. ಒಟ್ಟು 12,000 ಅಳತೆಗಳು ಒಬ್ಬನೇ ಭಾಷಿಕನ ಉಚ್ಚಾರಗಳೊಳಗಿನ ಪ್ರಸರಣವನ್ನು ಬಿಗಿಯಾಗಿ ಗೊತ್ತುಪಡಿಸುತ್ತವೆ. ಊರುಗಳ ನಡುವಣ ಪ್ರಸರಣಕ್ಕೆ ಸಾಕ್ಷಿಗಳು ಆರೇ. ಅಲ್ಲಿ ಉತ್ತರವಿತರಣೆ ಬಲಕ್ಕೆ ಉದ್ದನೆಯ ಬಾಲ ಚಾಚಿಕೊಂಡೇ ಇರುತ್ತದೆ. ಪೂರ್ವವಿತರಣೆಯ ಆಯ್ಕೆ ಫಲಿತವನ್ನು ಕದಲಿಸುತ್ತದೆ. ಉಚ್ಚಾರಗಳನ್ನು ಇಮ್ಮಡಿಸಿದರೂ (ಪ್ರಬಂಧಗಳಲ್ಲಿ ಹೆಮ್ಮೆಯಿಂದ ನಮೂದಾಗುವ ಸಂಖ್ಯೆ ಇದೇ) ಈ ಸ್ಥಿತಿ ಹೆಚ್ಚೇನೂ ಬದಲಾಗದು. ಪ್ರಾದೇಶಿಕ ವ್ಯತ್ಯಾಸವೇ ಪ್ರಶ್ನೆಯಾಗಿದ್ದರೆ, ಊರಿಗೆ ಐವರೇ ಭಾಷಿಕರಾದರೂ 12 ಊರುಗಳಿಗೆ ಹೋಗುವುದು ಲೇಸೆಂದು ನಾವು ಭಾವಿಸುತ್ತೇವೆ. ಅದಾಗದಿದ್ದಲ್ಲಿ, ಎರಡು ಮೂರು ಪೂರ್ವವಿತರಣೆಗಳಿಂದ ದೊರೆತ ಫಲಿತಗಳನ್ನು ಒಟ್ಟಿಗೇ ವರದಿ ಮಾಡತಕ್ಕದ್ದು.