ಬಾಡಿದ ಬೋನ್ಸಾಯ್‌ಗೆ ಬೇಕಾದದ್ದು ಗಾಳಿ

ಆರಿದ್ರಾ ಮಳೆ ಹಿಡಿಯಿತೆಂದರೆ ಹುಬ್ಬಳ್ಳಿ-ಧಾರವಾಡದ ಬೋನ್ಸಾಯ್ ಪ್ರಿಯರಿಂದ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ: ‘ಅಂಗಳದಾಗ ಇಟ್ಟ ಬಸರಿ ಗಿಡದ ಎಲಿ ಹಳದಿ ಆಗಿ ಉದರಾಕತ್ತಾವ್ರಿ. ಮಳಿ ಬಿಟ್ಟಾಗ ಒಂದು ತಂಬಿಗಿ ನೀರು ಹಾಕಿದೆ, ಮತ್ತಷ್ಟು ಬಾಡಿತು. ಏನು ಮಾಡೂಣು?’

ಆ ತಂಬಿಗೆ ನೀರೇ ಗಿಡದ ಉಸಿರುಗಟ್ಟಿಸಿದೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇದ್ದರೆ ಆಮ್ಲಜನಕ ಸಲೀಸಾಗಿ ಬೇರು ಮುಟ್ಟುತ್ತದೆ. ಅಲ್ಲಿ ನೀರು ತುಂಬಿಕೊಂಡರೆ ಆಮ್ಲಜನಕ ಹರಡುವ ವೇಗ ಸುಮಾರು 10,000 ಪಟ್ಟು ತಗ್ಗುತ್ತದೆ. ಉಸಿರುಗಟ್ಟಿದ ಬೇರು ನೀರನ್ನೂ ಹೀರಲಾರದು. ಜೀವಕೋಶದ ಪೊರೆಯಲ್ಲಿ ನೀರು ಹಾಯಲೆಂದೇ ಇರುವ ಪ್ರೋಟೀನ್ ಕಾಲುವೆಗಳನ್ನು ಪತ್ತೆಹಚ್ಚಿದ ಪೀಟರ್ ಅಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಆಮ್ಲಜನಕ ಸಿಗದ ಬೇರಿನ ಕೋಶಗಳಲ್ಲಿ ಆಮ್ಲೀಯತೆ ಏರಿ ಈ ಕಾಲುವೆಗಳು ಮುಚ್ಚಿಕೊಳ್ಳುತ್ತವೆ ಎಂದು ಫ್ರಾನ್ಸಿನ ಸಂಶೋಧಕರು ಅದೇ ವರ್ಷ ತೋರಿಸಿದರು. ನೀರಲ್ಲೇ ನಿಂತ ಗಿಡದ ಎಲೆ ಒಣಗುವುದು ಹೀಗೆ. ನೋಡುವವರಿಗೆ ಅದು ಬಾಯಾರಿಕೆಯಂತೆಯೇ ಕಾಣುತ್ತದೆ.

ಕುಂಡದ ತಳದಲ್ಲಿ ತೂತುಗಳಿವೆಯಲ್ಲ, ನೀರು ಹೇಗೆ ನಿಲ್ಲುತ್ತದೆ? ಪಾತ್ರೆ ತೊಳೆಯುವ ಸ್ಪಂಜೊಂದನ್ನು ನೀರಲ್ಲಿ ಅದ್ದಿ, ಅಡ್ಡ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವ ತನಕ ಕಾಯಿರಿ. ಈಗ ಹಿಂಡದೆ, ಅದನ್ನು ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ರಂಧ್ರಗಳೂ ಅವೇ, ಎತ್ತರವೊಂದೇ ಬದಲಾಯಿತು. ಪ್ರತಿ ರಂಧ್ರವೂ ತನ್ನ ಗಾತ್ರಕ್ಕೆ ತಕ್ಕ ಎತ್ತರದ ನೀರನ್ನು ಹಿಡಿದಿಡುತ್ತದೆ, ಹೆಚ್ಚಾದದ್ದಷ್ಟೇ ಕೆಳಗೆ ಸೋರುತ್ತದೆ. ಬೋನ್ಸಾಯ್ ತಟ್ಟೆ ಸದಾ ಮಲಗಿಯೇ ಇರುವ ಸ್ಪಂಜು.

ಈ ಲೆಕ್ಕ ಕೊಟ್ಟವರು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜೂರಿನ್, 1718ರಲ್ಲಿ. ಗಾಜಿನ ನಳಿಕೆ ಕಿರಿದಾದಷ್ಟೂ ನೀರು ಮೇಲೇರುತ್ತದೆ ಎಂದರು. ನಳಿಕೆಯ ತ್ರಿಜ್ಯ 1 ಮಿಲಿಮೀಟರ್ ಇದ್ದರೆ ನೀರು ಸುಮಾರು 1.5 ಸೆಂಟಿಮೀಟರ್ ಏರುತ್ತದೆ, 0.1 ಮಿಲಿಮೀಟರ್ ಇದ್ದರೆ 15 ಸೆಂಟಿಮೀಟರ್. ಮಣ್ಣು ನೀರನ್ನು ಹಿಡಿದಿಡುವ ಬಲವನ್ನು ಶಾಖ, ವಿದ್ಯುತ್ತಿನಂತೆಯೇ ಗಣಿತಕ್ಕೆ ತಂದವರು ಅಮೆರಿಕದ ಭೌತವಿಜ್ಞಾನಿ ಎಡ್ಗರ್ ಬಕಿಂಗ್‌ಹ್ಯಾಮ್, 1907ರಲ್ಲಿ. ಬೋನ್ಸಾಯ್ ಬೆಳೆಸುವವರಿಗೆ ಇವರಿಬ್ಬರಿಗಿಂತ ಒಳ್ಳೆಯ ಗುರುಗಳಿಲ್ಲ ಎಂದೇ ನನ್ನ ನಂಬಿಕೆ.

ಈಗ ನಮ್ಮ ಮಣ್ಣನ್ನು ನೋಡಿ. ಅವಳಿ ನಗರದ ಪೂರ್ವಕ್ಕೆ, ನವಲಗುಂದದ ಕಡೆ ಹೋದರೆ ಎರಿ ನೆಲ. ಜಿಗುಟಾದ ಆ ಜೇಡಿಯ ಕಣಗಳು 0.002 ಮಿಲಿಮೀಟರಿಗಿಂತ ಸಣ್ಣವು. ತೊಯ್ದರೆ ಉಬ್ಬಿ ಸಂದುಗಳನ್ನೇ ಮುಚ್ಚುತ್ತವೆ. ಆಳವಾದ ಹೊಲದಲ್ಲಿ ಹತ್ತಿಗೆ, ಕಡಲೆಗೆ ಇದು ಬಂಗಾರ. ಐದು ಸೆಂಟಿಮೀಟರಿನ ತಟ್ಟೆಯಲ್ಲಿ ತಳದಿಂದ ಮೇಲಿನವರೆಗೂ ಕೆಸರು. ತಳಕ್ಕೆ ಜಲ್ಲಿ ಹಾಸಿದರೆ ನೀರು ಇಳಿಯುತ್ತದೆಂಬ ನಂಬಿಕೆಯೂ ತಪ್ಪು. ಸಣ್ಣ ರಂಧ್ರದ ಮಣ್ಣು ನೀರನ್ನು ದೊಡ್ಡ ಸಂದಿನ ಜಲ್ಲಿಗೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹೀಗಾಗಿ ಕೆಸರಿನ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಚಿಕಿತ್ಸೆ ಶುರುವಾಗಬೇಕಾದದ್ದು ಪರೀಕ್ಷೆಯಿಂದ. ರೆಂಬೆಯ ತೊಗಟೆಯನ್ನು ಉಗುರಿನಿಂದ ಚೂರು ಕೆರೆದು ನೋಡಿ. ಕೆಳಗೆ ಹಸಿರಿದ್ದರೆ ಜೀವವಿದೆ. ಬಿದಿರಿನ ಕಡ್ಡಿಯೊಂದನ್ನು ಮಣ್ಣಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತೊಯ್ದು ಕೊಳೆತ ವಾಸನೆ ಬಂದರೆ ನೀರು ನಿಲ್ಲಿಸಿ, ಕುಂಡದ ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆಯಾಗಿಸಿ. ಮಣ್ಣಿನ ಎತ್ತರ ಹೆಚ್ಚಿ, ಹಿಡಿದಿಟ್ಟ ನೀರು ಕೆಳಬದಿಯ ತೂತಿನಿಂದ ಇಳಿಯುತ್ತದೆ. ಗಿಡವನ್ನು ಮನೆಯೊಳಗೆ ಒಯ್ಯಬೇಡಿ. ಬೆಳಕೂ ಗಾಳಿಯೂ ಇರುವ ಹೊರಗಿನ ಸೂರಿನಡಿ, ಮಳೆ ಬೀಳದಲ್ಲಿ ಇಡಿ. ಗೊಬ್ಬರ ಬೇಡ. ಉಳಿದ ಹಸಿರೆಲೆ ಕೀಳಬೇಡಿ, ಹೊಸ ಬೇರಿಗೆ ಆಹಾರ ಬರುವುದು ಅಲ್ಲಿಂದಲೇ. ಬೇರಿಗೆ ಬಲ ಕೊಡುತ್ತವೆಂದು ಮಾರುವ ಬಾಟಲಿ ಟಾನಿಕ್ಕುಗಳು ಮುಚ್ಚಿದ ಸಂದನ್ನು ತೆರೆಯಲಾರವು.

ವಾರ ಕಳೆದರೂ ಚೇತರಿಕೆ ಕಾಣದಿದ್ದರೆ ಗಿಡವನ್ನು ಮೆಲ್ಲಗೆ ಎತ್ತಿ, ಕಪ್ಪಾಗಿ ಮೆತ್ತಗಾಗಿ ಸಿಪ್ಪೆ ಕಳಚುವ ಬೇರುಗಳನ್ನು ಕತ್ತರಿಸಿ. ಗಟ್ಟಿ ಬೇರುಗಳನ್ನು ಮುಟ್ಟಬೇಡಿ. ಇಟ್ಟಿಗೆ ಚೂರು, ದಪ್ಪ ಉಸುಕು, ಸ್ವಲ್ಪ ಹಳೆಯ ಕಾಂಪೋಸ್ಟ್ ಬೆರೆಸಿ ನೆಡಿ. ಇಟ್ಟಿಗೆ ಚೂರನ್ನೂ ಉಸುಕನ್ನೂ ಮೊದಲು ಸಾಣಿಗೆ ಹಿಡಿದು ಪುಡಿಯನ್ನೆಲ್ಲ ಚೆಲ್ಲಿಬಿಡಿ, ಸಂದುಗಳನ್ನು ಮುಚ್ಚುವುದೇ ಆ ಪುಡಿ. ಇಂಥ ಒರಟು ಮಿಶ್ರಣ ಏಪ್ರಿಲ್ ಬಿಸಿಲಲ್ಲಿ ಬೇಗ ಒಣಗುತ್ತದೆ, ಆಗ ದಿನಕ್ಕೆ ಎರಡು ಸಲ ನೀರು ಬೇಕಾದೀತು, ಮಧ್ಯಾಹ್ನ ನೆರಳೂ ಬೇಕು. ಆ ಶ್ರಮ ಸಾರ್ಥಕ: ಒಣಗಿದ ಮಣ್ಣಿಗೆ ನೀರು ಹಾಕುವುದು ಸುಲಭ, ಕೆಸರಾದ ಮಣ್ಣಿಗೆ ಗಾಳಿ ತುಂಬುವುದು ಕಷ್ಟ.