ಎ.ಐ. ಏಜೆಂಟ್‌ಗಳಿಗೆ ಸ್ಪಷ್ಟ ಸಾಧನ ವಿವರಣೆ: ವರ್ತಕರು ಗಮನಿಸಬೇಕಾದ ಅಂಶಗಳು

ಬ್ಯಾಂಕಿಗೆ ಸಾಲದ ಯೋಜನೆಯನ್ನು ಮಂಡಿಸುವಾಗ ಅಥವಾ ಹೊರರಾಜ್ಯದ ಖರೀದಿದಾರರಿಗೆ ಸರಕನ್ನು ಪರಿಚಯಿಸುವಾಗ ಪವರ್‌ಪಾಯಿಂಟ್ ಪ್ರಸ್ತುತಿಯ ನೆರವು ಪಡೆಯುವುದು ಸಾಮಾನ್ಯವಾಗಿದೆ. 1987ರಲ್ಲಿ ಮಾರುಕಟ್ಟೆಗೆ ಬಂದ ಈ ತಂತ್ರಾಂಶದ ಸ್ಲೈಡ್‌ಗಳನ್ನು ಬಹುಕಾಲ ಮನುಷ್ಯರೇ ಕೈಯಾರೆ ಸಿದ್ಧಪಡಿಸುತ್ತಿದ್ದರು. ಈಗ ಏಜೆಂಟ್ ಎಂದು ಕರೆಯಲಾಗುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳು ನಮ್ಮ ಆದೇಶದಂತೆ ಸ್ಲೈಡ್ ಸೇರಿಸುವ, ಕೋಷ್ಟಕ ತುಂಬುವ, ಚಿತ್ರ ಜೋಡಿಸುವ ಕಾರ್ಯಗಳನ್ನು ತಾವೇ ನಿರ್ವಹಿಸಬಲ್ಲವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆಯ ವರ್ತಕರು ಮತ್ತು ಸಣ್ಣ ಉತ್ಪಾದಕರು ಇಂತಹ ವ್ಯವಸ್ಥೆಯನ್ನು ಮಾಡಿಸಿಕೊಳ್ಳುವ ಮುನ್ನ, ಅದರ ಯಶಸ್ಸು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಅರಿಯುವುದು ಅವಶ್ಯ.

ಏಜೆಂಟ್‌ಗೆ ಕಾಣುವುದೇನು?

ಮಂಡಿ ವರ್ತಕರಿಗೆ ಏಜೆಂಟ್ ಎಂಬ ಪದ ಹೊಸದಲ್ಲ. ಆದರೆ ಈ ಏಜೆಂಟ್‌ಗೆ ನಮ್ಮ ವ್ಯವಹಾರದ ರೂಢಿ ತಿಳಿಯದು. ಅದಕ್ಕೆ ಸಾಧನಗಳ ಪಟ್ಟಿಯೊಂದನ್ನು ಒದಗಿಸಲಾಗುತ್ತದೆ. ಪ್ರತಿ ಸಾಧನಕ್ಕೂ ಒಂದು ಹೆಸರು, ಕೆಲವು ಸಾಲುಗಳ ವಿವರಣೆ ಹಾಗೂ ಭರ್ತಿ ಮಾಡಬೇಕಾದ ಅಂಶಗಳು ಇರುತ್ತವೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಮುಕ್ತ ಮಾನದಂಡದಲ್ಲಿಯೂ ಇದೇ ಕ್ರಮವಿದೆ. ಯಾವ ಸಾಧನವನ್ನು ಬಳಸಬೇಕು, ಏನನ್ನು ಭರ್ತಿ ಮಾಡಬೇಕು ಎಂಬುದನ್ನು ಏಜೆಂಟ್ ಮುಖ್ಯವಾಗಿ ಈ ಸಾಲುಗಳಿಂದಲೇ ನಿರ್ಧರಿಸುತ್ತದೆ. ಸಂದೇಹ ಬಂದಾಗ ಗುಮಾಸ್ತರು ಮಾಲೀಕರನ್ನು ಕೇಳುತ್ತಾರೆ. ಏಜೆಂಟ್ ಅನೇಕ ವೇಳೆ ಊಹಿಸಿ ಮುಂದುವರಿಯುತ್ತದೆ.

ಚಿತ್ರದುರ್ಗದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಅಡಿಕೆಗಳಿಗೆ ಬೇರೆ ಬೇರೆ ಧಾರಣೆ ಇರುತ್ತದೆ. ಸಾಧನದ ವಿವರಣೆಯಲ್ಲಿ ‘ಅಡಿಕೆ ಬೆಲೆ ಭರ್ತಿ ಮಾಡುತ್ತದೆ’ ಎಂದಷ್ಟೇ ಇದ್ದರೆ, ಬೆಟ್ಟೆಯ ಧಾರಣೆಯು ರಾಶಿಯ ಸಾಲಿಗೆ ಸೇರುವ ಸಂಭವವಿದೆ. ಅಂತಹ ಸ್ಲೈಡ್ ಖರೀದಿದಾರರ ಮುಂದೆ ಹೋದರೆ ಅದರ ಹೊಣೆ ವರ್ತಕರದೇ ಆಗುತ್ತದೆ. ಬಗೆ, ದಿನಾಂಕ ಮತ್ತು ಕ್ವಿಂಟಾಲ್ ಲೆಕ್ಕ ಈ ಮೂರನ್ನೂ ವಿವರಣೆಯಲ್ಲಿ ಕಡ್ಡಾಯಗೊಳಿಸಬೇಕು.

ತಪ್ಪುಗಳು ಎಲ್ಲಿ ಸಂಭವಿಸುತ್ತವೆ?

1. ಎಣಿಕೆ: ಪವರ್‌ಪಾಯಿಂಟ್‌ನ ವಿಬಿಎ ಭಾಷೆಯಲ್ಲಿ ಸ್ಲೈಡ್‌ಗಳ ಎಣಿಕೆ 1ರಿಂದ ಆರಂಭವಾಗುತ್ತದೆ, ಪೈಥಾನ್-ಪಿಪಿಟಿಎಕ್ಸ್ ಎಂಬ ಉಪಕರಣದಲ್ಲಿ 0ಯಿಂದ. ಇದನ್ನು ತಿಳಿಸದಿದ್ದರೆ 2ನೆಯ ಸ್ಲೈಡ್‌ನ ಬದಲು 3ನೆಯದು ತಿದ್ದಲ್ಪಡಬಹುದು.

2. ಅಳತೆ: ಪವರ್‌ಪಾಯಿಂಟ್ ಕಡತದೊಳಗೆ 1 ಅಂಗುಲವು 9,14,400 ಘಟಕಗಳಿಗೆ, 1 ಸೆಂಟಿಮೀಟರ್ 3,60,000 ಘಟಕಗಳಿಗೆ ಸಮ. ‘ಅಗಲ’ ಎಂದು ಮಾತ್ರ ಬರೆದರೆ, ಏಜೆಂಟ್ 10 ಸೆಂಟಿಮೀಟರ್ ಎಂದು ಭಾವಿಸಿ ನೀಡಿದ 10 ಎಂಬ ಸಂಖ್ಯೆಯಿಂದ ಚಿತ್ರವು ಕಣ್ಣಿಗೇ ಕಾಣದಷ್ಟು ಕಿರಿದಾಗಬಹುದು.

3. ಕನ್ನಡ ಅಕ್ಷರ: ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿರುವ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸದಿದ್ದರೆ ಏಜೆಂಟ್‌ಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತದೆ. ಅಲ್ಲದೆ ಕಡತದಲ್ಲಿ ರೋಮನ್ ಲಿಪಿಗೂ ಭಾರತೀಯ ಲಿಪಿಗಳಿಗೂ ಅಕ್ಷರಶೈಲಿಯನ್ನು ಪ್ರತ್ಯೇಕವಾಗಿ ನಮೂದಿಸಲಾಗುತ್ತದೆ. ಸಾಧನವು ಯಾವುದನ್ನು ಬದಲಿಸುತ್ತದೆ ಎಂದು ವಿವರಣೆ ತಿಳಿಸಬೇಕು.

ಒಂದು ಮಾದರಿ

ಅಸ್ಪಷ್ಟ ವಿವರಣೆ: ‘ಕೋಷ್ಟಕವನ್ನು ಪರಿಷ್ಕರಿಸುತ್ತದೆ.’

ಸ್ಪಷ್ಟ ವಿವರಣೆ: ‘ಈಗಾಗಲೇ ಇರುವ ಕೋಷ್ಟಕದ ಒಂದು ಮನೆಯ ಪಠ್ಯವನ್ನು ಮಾತ್ರ ಬದಲಿಸುತ್ತದೆ. ಸ್ಲೈಡ್, ಸಾಲು, ಕಂಬಗಳ ಎಣಿಕೆ 1ರಿಂದ ಆರಂಭ. ಹಳೆಯ ಪಠ್ಯ ಅಳಿಸಿಹೋಗುತ್ತದೆ. ಹೊಸ ಕೋಷ್ಟಕ ಬೇಕಾದಲ್ಲಿ ಕೋಷ್ಟಕ ಸೇರಿಸುವ ಸಾಧನವನ್ನು ಬಳಸಬೇಕು. ಕೆಲಸ ಮುಗಿದ ಮೇಲೆ ಹಳೆಯ ಮತ್ತು ಹೊಸ ಪಠ್ಯಗಳೆರಡನ್ನೂ ತಿಳಿಸುತ್ತದೆ. ಸೂಚಿಸಿದ ಮನೆ ಇಲ್ಲದಿದ್ದರೆ ಏನನ್ನೂ ಬದಲಿಸದೆ ಕಾರಣ ತಿಳಿಸುತ್ತದೆ.’

ಸಾಧನ ಏನು ಮಾಡುತ್ತದೆ, ಯಾವಾಗ ಬಳಸಬಾರದು, ಅಳತೆ ಯಾವುದು, ಏನು ಅಳಿಯುತ್ತದೆ, ಉತ್ತರವಾಗಿ ಏನು ದೊರೆಯುತ್ತದೆ ಎಂಬ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಹಾಗೆಂದು ವಿವರಣೆಯನ್ನು ಅನಗತ್ಯವಾಗಿ ಹಿಗ್ಗಿಸುವುದೂ ಸಲ್ಲದು. ಒಂದನ್ನೊಂದು ಹೋಲುವ ಹತ್ತಾರು ಸಾಧನಗಳಿದ್ದರೆ ಏಜೆಂಟ್ ಆಯ್ಕೆಯಲ್ಲಿ ಎಡವುತ್ತದೆ. ಇನ್ನು, ಸ್ಲೈಡ್ ಅಳಿಸುವಂತಹ ಕಾರ್ಯಕ್ಕೆ ವಿವರಣೆಯ ಎಚ್ಚರಿಕೆಯೊಂದೇ ಸಾಲದು. ಮಾಲೀಕರ ಒಪ್ಪಿಗೆಯಿಲ್ಲದೆ ಅದು ನಡೆಯದಂತೆ ತಂತ್ರಾಂಶದಲ್ಲಿಯೇ ತಡೆ ಇರಬೇಕು.

ವರ್ತಕರು ಮಾಡಬೇಕಾದುದು

ತಂತ್ರಾಂಶ ಸಿದ್ಧಪಡಿಸುವವರಿಗೆ ಗಣಕ ವಿದ್ಯೆ ತಿಳಿದಿರುತ್ತದೆ. ತೆಂಗಿನಕಾಯಿ ಎಣಿಕೆಯ ಲೆಕ್ಕದಲ್ಲಿಯೂ ತೂಕದ ಲೆಕ್ಕದಲ್ಲಿಯೂ ಮಾರಾಟವಾಗುತ್ತದೆ ಎಂಬುದು ಹಿರಿಯೂರು, ಹೊಸದುರ್ಗದ ವ್ಯಾಪಾರಿಗೆ ತಿಳಿದಿರುತ್ತದೆ. ಆದ್ದರಿಂದ ಹಣ ಪಾವತಿಸುವ ಮುನ್ನ ಸಾಧನಗಳ ವಿವರಣೆಯನ್ನು ಕೇಳಿ ಪಡೆದು ಓದಬೇಕು. ದಿನನಿತ್ಯ ನೀಡುವಂತಹ ಹತ್ತು ಆದೇಶಗಳನ್ನು ಪ್ರಸ್ತುತಿಯ ನಕಲು ಪ್ರತಿಯೊಂದರ ಮೇಲೆ ಪ್ರಯೋಗಿಸಿ, ಫಲಿತಾಂಶವನ್ನು ಸ್ಲೈಡ್‌ನಿಂದ ಸ್ಲೈಡ್‌ಗೆ ತಾಳೆ ನೋಡಬೇಕು. ತಪ್ಪು ಕಂಡಲ್ಲಿ ಮೊದಲು ವಿವರಣೆಯನ್ನು ಪರಿಶೀಲಿಸಬೇಕು. ಹಲವು ಬಾರಿ ಒಂದು ಸಾಲಿನ ತಿದ್ದುಪಡಿಯೇ ಸಾಕಾಗುತ್ತದೆ. ಸರಕಿನ ಬಗೆ, ತೂಕ, ದರಗಳನ್ನು ಬಿಲ್ಲಿನಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ನಮೂದಿಸುವ ಅಭ್ಯಾಸವುಳ್ಳ ನಮ್ಮ ವರ್ತಕ ಸಮುದಾಯಕ್ಕೆ ಈ ಕೆಲಸ ಅಪರಿಚಿತವೇನಲ್ಲ.